ಕ್ಯೋಟೋದಲ್ಲಿ ಕೈಸೆಕಿ ಊಟ: ಜುಲೈ ಮೆನು, ನನ್ನ ಅನುಭವ, ನಿಮ್ಮ ಪ್ರಶ್ನೆಗಳು

ತುಂಗಾತೀರ
ಕೈಸೆಕಿ, ಅಂದ್ರೆ ಆಯಾ ಕಾಲದ ಪದಾರ್ಥದಲ್ಲಿ ಮಾಡಿ ಒಂದೊಂದೇ ಸಣ್ಣ ಕೋರ್ಸಾಗಿ ಬಡಿಸೋ ಜಪಾನಿ ಊಟದ ಬಗ್ಗೆ ಕನ್ನಡದಲ್ಲಿ ವಿವರವಾಗಿ ಯಾರಾದ್ರೂ ಬರ್ದಿದಾರಾ ಅಂತ ಹುಡುಕ್ದೆ, ನಂಗೆ ಸಿಗ್ಲಿಲ್ಲ, ಅದಕ್ಕೆ ನಾನೇ ಶುರು ಮಾಡ್ತಿದೀನಿ. ಸ್ವಲ್ಪ ಉದ್ದ ಆಗತ್ತೆ.

ನಾನೂ ನನ್ನ ಹೆಂಡ್ತಿನೂ ಜುಲೈನಲ್ಲಿ ಕ್ಯೋಟೋದಲ್ಲಿದ್ವಿ. ಗಿಯೋನ್ ಹಬ್ಬದ ತಿಂಗಳು, ಅಂಗಿ ಮೈಗೆ ಅಂಟೋ ಸೆಖೆ. ಹಿಗಾಶಿಯಾಮಾ ಕಡೆ ಒಂದು ಹಳೇ ರಿಯೋತೇನಲ್ಲಿ ಮಧ್ಯಾಹ್ನದ ಊಟ ಬುಕ್ ಮಾಡಿದ್ವಿ. ರಿಯೋತೇ ಅಂದ್ರೆ ತಾತಾಮಿ ಚಾಪೆ ಹಾಸಿದ ಕೋಣೆ, ಸಣ್ಣ ತೋಟ ಎಲ್ಲ ಇರೋ ಸಾಂಪ್ರದಾಯಿಕ ಊಟದ ಮನೆ. ಮೆನು ಕಾರ್ಡ್ ಕೊಡಲ್ಲ, ಆಯ್ಕೆ ಅನ್ನೋದೇ ಇಲ್ಲ, ಆ ವಾರ ಏನು ಚೆನ್ನಾಗಿದ್ಯೋ ಅದನ್ನ ಅವ್ರು ಬಡಿಸ್ತಾರೆ ನಾವು ತಿಂತೀವಿ. ಕೋಣೆಯ ಒಂದು ಮೂಲೇಲಿ ತೊಕೊನೊಮಾ ಅಂತ ಒಂದು ಗೂಡು, ಅಲ್ಲೊಂದು ಚಿತ್ರದ ಸುರುಳಿ, ಬಿದಿರು ಬುಟ್ಟೀಲಿ ಒಂದೇ ಒಂದು ಹೂವು, ಅಷ್ಟೇ ಅಲಂಕಾರ.

ಮೊದ್ಲು ಸಾಕಿಜುಕೆ, ಅಂದ್ರೆ ಬಾಯಿ ಶುರು ಮಾಡೋಕೆ ಒಂದು ತುತ್ತು. ನಮಗೆ ಬಂದಿದ್ದು ತಣ್ಣಗಿನ ಗೋಮಾ ತೋಫು. ಹೆಸರಲ್ಲಿ ತೋಫು ಇದ್ರೂ ಸೋಯಾ ಇರಲ್ಲ, ಎಳ್ಳು ಅರೆದು ಕುಜು ಅನ್ನೋ ಗೆಡ್ಡೆ ಹಿಟ್ಟಲ್ಲಿ ಕಾಯಿಸಿ ಕಾಯಿಸಿ ಗಟ್ಟಿ ಮಾಡಿದ್ದು. ಆಮೇಲೆ ಹಸ್ಸುನ್, ಸುಮಾರು 24 ಸೆಂಟಿಮೀಟರಿನ ಚೌಕ ತಟ್ಟೆ, ಅದರಲ್ಲಿ ಸಮುದ್ರದ್ದೊಂದಿಷ್ಟು ಬೆಟ್ಟದ್ದೊಂದಿಷ್ಟು ಸಣ್ಣ ಸಣ್ಣ ತಿನಿಸು. ಆಮೇಲೆ ಮುಕೋಜುಕೆ ಅಂದ್ರೆ ಸಾಶಿಮಿ (ಹೆಚ್ಚಿದ ಹಸಿ ಮೀನು), ಐಸ್ ತುಂಬಿದ ಗಾಜಿನ ಬಟ್ಟಲಲ್ಲಿ.

ನಾನು ಈ ಪೋಸ್ಟ್ ಬರೀತಿರೋದೇ ಆಮೇಲೆ ಬಂದಿದ್ದಕ್ಕೆ. ಕಪ್ಪು ಅರಗಿನ ಮುಚ್ಚಳದ ಬಟ್ಟಲು. ಮುಚ್ಚಳ ತೆಗೆದ್ರೆ ಒಳಗಡೆ ನೀರಿನ ಹನಿಗಳು, ಎಳೇ ಹಸಿರು ಯುಜು ನಿಂಬೆ ಸಿಪ್ಪೆಯ ಘಮ, ತಿಳಿ ಸಾರಲ್ಲಿ ಬಿಳಿ ಹೂವು ಅರಳಿದ ಹಾಗೆ ಒಂದು ತುಂಡು ಹಮೊ ಮೀನು. ಹಮೊ ಈಲ್ ಜಾತಿದು, ಮೈತುಂಬ ಕೂದಲೆಳೆ ಮುಳ್ಳು, ಕಿತ್ತು ತೆಗೆಯೋಕೆ ಆಗಲ್ಲ. ಅದಕ್ಕೆ ಭಾರದ ಚಾಕುವಿನಲ್ಲಿ ಚರ್ಮ ಮಾತ್ರ ಉಳಿಯೋ ಹಾಗೆ ಮುಳ್ಳುಗಳನ್ನ ಸಣ್ಣಗೆ ಕೊಚ್ತಾ ಹೋಗ್ತಾರೆ, 3 ಸೆಂಟಿಮೀಟರಿಗೆ 24 ಗೆರೆ ಬೀಳ್ಬೇಕು ಅಂತ ಅಡುಗೆಯವರ ಲೆಕ್ಕ. ಮೇಲೆ ಕುಜು ಹಿಟ್ಟು ಹಚ್ಚಿ ಬಿಸಿ ನೀರಿಗೆ ಬಿಟ್ರೆ ಪ್ರತಿ ಗೆರೆನೂ ಹೊರಗಡೆ ಮಗುಚಿ ಎಸಳಾಗತ್ತೆ. ಸಾರು ಕುಡಿದಾಗ ಮೊದಲನೇ ಗುಟುಕಲ್ಲಿ ಇಷ್ಟೇನಾ ಅನ್ಸತ್ತೆ, ಎರಡನೇದಕ್ಕೆ ನಾಲಿಗೆ ಅಗಲ ಆಗತ್ತೆ, ಬಟ್ಟಲು ಖಾಲಿ ಆಗೋ ಹೊತ್ತಿಗೆ ಸರಿಯಾಗಿ ಸಾಕಾಗಿರತ್ತೆ. ಬಡಿಸೋ ಅಮ್ಮ ಹೇಳಿದ್ರು, ಸಾರಿನ ರುಚಿ ಮೊದಲ ಗುಟುಕಿಗೆ ಹೊಂದಿಸಲ್ಲ ಕೊನೇ ಗುಟುಕಿಗೆ ಹೊಂದಿಸ್ತೀವಿ ಅಂತ. ಕೈಸೆಕಿ ಅಂದ್ರೆ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ಈ ಒಂದು ಬಟ್ಟಲನ್ನ ತೋರಿಸ್ತೀನಿ.

ಆಮೇಲೆ ಅಯು, ಹೊಳೆ ಮೀನು, ಉಪ್ಪು ಸವರಿ ಇದ್ದಿಲ ಮೇಲೆ ಸುಟ್ಟಿದ್ದು. ಈಜ್ತಿರೋ ಹಾಗೆ ಮೈ ಬಳುಕಿಸಿ ಕಡ್ಡಿಗೆ ಚುಚ್ಚಿರ್ತಾರೆ. ಹೊಳೆ ಕಲ್ಲಿನ ಪಾಚಿ ತಿಂದು ಬೆಳೆಯೋ ಮೀನು, ಸೌತೆಕಾಯಿ ಥರ ಒಂದು ವಾಸನೆ ಇರತ್ತೆ, ಕರುಳಿನ ಕಹಿ ಸಮೇತ ತಲೆಯಿಂದ ಬಾಲದವರೆಗೆ ತಿನ್ನೋದು. ಆಮೇಲೆ ಬದನೆಕಾಯಿ ಜೊತೆ ಒಣ ಹೆರಿಂಗ್ ಮೀನು ಬೇಯಿಸಿದ್ದು, ಕೊನೇಲಿ ಮಣ್ಣಿನ ಮಡಕೇಲಿ ಎಳೇ ಶುಂಠಿ ಅನ್ನ, ಮಿಸೋ ಸಾರು, ಕೆಂಪು ಶಿಸೋ ಎಲೆಯ ಶಿಬಾಜುಕೆ ಉಪ್ಪಿನಕಾಯಿ. ಹಣ್ಣು, ಮಿಜು ಯೋಕಾನ್ (ಅಜುಕಿ ಕಾಳಿನ ತಣ್ಣನೆ ಸಿಹಿ), ಮತ್ಚಾ ಟೀ.

ಗಾಂಧಿಬಜಾರ್
ಚೆನ್ನಾಗಿ ಬರ್ದಿದೀಯ ಗುರು. ಎರಡು ಪ್ರಶ್ನೆ. ಎಷ್ಟಾಯ್ತು, ಮತ್ತೆ ಹೊಟ್ಟೆ ತುಂಬತ್ತಾ? ಒಂದೊಂದೇ ತುತ್ತು ಅಂತೀಯ.

ತುಂಗಾತೀರ
ತುಂಬತ್ತೆ, ನಿಧಾನಕ್ಕೆ ತುಂಬತ್ತೆ. ಎರಡು ಗಂಟೆ ಮೇಲಾಯ್ತು ನಮಗೆ, ಕೊನೇಲಿ ಅನ್ನ ಬರತ್ತಲ್ಲ, ಅದನ್ನ ಎರಡನೇ ಸಲ ಹಾಕಿಸ್ಕೋಬಹುದು.

ದುಡ್ಡಿನ ವಿಷ್ಯ. ದೊಡ್ಡ ಹೆಸರಿನ ಮನೆಗಳಲ್ಲಿ ರಾತ್ರಿ ಊಟ ಒಬ್ಬರಿಗೆ 30,000 ಯೆನ್ ದಾಟೋದು ಮಾಮೂಲು, ನಮ್ಮ ಲೆಕ್ಕದಲ್ಲಿ ಹದಿನೈದು ಸಾವಿರ ರೂಪಾಯಿ ಮೇಲೇನೆ. ಮಧ್ಯಾಹ್ನ ಅದೇ ಅಡುಗೆಮನೆ, ಅದೇ ಸಾರು, ಆದ್ರೆ ಕೋರ್ಸ್ ಕಮ್ಮಿ ಬೆಲೆ ತುಂಬಾನೇ ಕಮ್ಮಿ, ಹಾಗಾಗಿ ಮೊದಲನೇ ಸಲ ಹೋಗೋರಿಗೆ ನಾನು ಮಧ್ಯಾಹ್ನನೇ ಹೇಳೋದು. 10 ಪರ್ಸೆಂಟ್ ತೆರಿಗೆ ಇರತ್ತೆ, ಸುಮಾರು ಕಡೆ ಸರ್ವಿಸ್ ಚಾರ್ಜ್ ಬೇರೆ ಸೇರತ್ತೆ, ಬುಕ್ ಮಾಡುವಾಗ ತೋರಿಸೋ ಬೆಲೇಲಿ ಅದು ಸೇರಿದ್ಯಾ ನೋಡ್ಕೊ. ಟಿಪ್ಸ್ ಕೊಡೋ ಪದ್ಧತಿ ಇಲ್ಲ. ಕೊನೇ ಗಳಿಗೇಲಿ ಕ್ಯಾನ್ಸಲ್ ಮಾಡಿದ್ರೆ ಪೂರ್ತಿ ದುಡ್ಡು ಹೋಗ್ಬಹುದು, ಯಾಕಂದ್ರೆ ಮೀನು ನಿನ್ನ ಹೆಸರಲ್ಲೇ ತಂದಿರ್ತಾರೆ.

ಹುಬ್ಬಳ್ಳಿಮಂದಿ
ಸರ, ನಿಮ್ಮ ಬರಹ ಭಾಳ ಛಲೋ ಅದ, ಆದ್ರ ನನ್ನ ಮಾತೂ ಒಂದೀಟು ಕೇಳ್ರಿ. ನಾ ಕಂಪನಿ ಕೆಲಸಕ್ಕ ತೋಕ್ಯೋಕ್ಕ ಹೋದಾಗ ಅಲ್ಲಿನವ್ರು ಕರಕೊಂಡು ಹೋಗಿ ಇಂಥಾದ ಊಟ ಹಾಕ್ಸಿದ್ರು. ನೋಡಾಕ ದೇವರ ಪೂಜಾ ಮಾಡಿದಂಗಿತ್ತು, ಮನಿಷಾರು ಪ್ರೀತಿಲೆ ಬಡಿಸಿದ್ರು, ಆದ್ರ ಬಾಯಿಗೆ ಸಪ್ಪಗ ಹತ್ತಿತು. ನಮಗ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ ತಿಂದ ನಾಲಿಗಿ. ಆ ಸಾರಿನ್ಯಾಗ ಎಲ್ಲಾರೂ ಏನ್ ಕಾಣ್ತಾರ ಅಂತ ನಂಗ ಖರೇನ ತಿಳಿಬೇಕಾಗೇದ, ಹೇಳ್ರಿ.

ಒಸಾಕಾಕನ್ನಡತಿ
ನಾನು ಒಸಾಕಾದಲ್ಲೇ ಇರೋದು, ಮದುವೆಯಾಗಿ ಬಂದಾಗ ನಂಗೂ ಹಾಗೇ ಅನ್ನಿಸ್ತಿತ್ತು ಸರ್, ಆದ್ರೆ ಮನೇಲಿ ಆ ಸಾರು ಮಾಡೋಕೆ ಕಲಿತ ಮೇಲೆ ನಾಲಿಗೆಗೆ ಅರ್ಥ ಆಯ್ತು. ಅದರಲ್ಲಿರೋದು ಮೂರೇ: ನೀರು, ಕೊಂಬು, ಕತ್ಸುಓಬುಶಿ.

ಕೊಂಬು ಹೊಕ್ಕಾಯಿದೋ ಸಮುದ್ರದ ಒಣಗಿಸಿದ ಪಾಚಿ, ಅಗಲ ಪಟ್ಟಿ ಥರ ಇರತ್ತೆ. ಕ್ಯೋಟೋದವರಿಗೆ ಅದರಲ್ಲಿ ರಿಶಿರಿ ದ್ವೀಪದ್ದೇ ಆಗ್ಬೇಕು. ಕತ್ಸುಓಬುಶಿ ಅಂದ್ರೆ ಬೊನಿಟೊ ಮೀನನ್ನ ಬೇಯಿಸಿ, ಮುಳ್ಳು ತೆಗೆದು, ಸುಮಾರು ಸಲ ಹೊಗೆ ಹಾಕಿ, ಒಳ್ಳೇದಕ್ಕೆ ಬೂಷ್ಟೂ ಕಟ್ಟಿಸಿ, ಬಿಸಿಲಿಗಿಟ್ಟು, ತಿಂಗಳುಗಟ್ಟಲೆ ಆದ್ಮೇಲೆ ಮರದ ತುಂಡಿನಷ್ಟು ಗಟ್ಟಿಯಾಗಿದ್ದನ್ನ ಉಜ್ಜೋ ಹಲಗೇಲಿ ಹೆರೆಯೋದು. ಕ್ಯೋಟೋದ ಕಿಕುನೋಯ್ ಅಂತ 1912ರಿಂದ ಇರೋ ರಿಯೋತೇ ಇದೆ, ಅಲ್ಲಿನ ಮುರಾತಾ ಯೋಶಿಹಿರೋ ಕೊಂಬುವನ್ನ 60 ಡಿಗ್ರಿ ನೀರಲ್ಲಿ ಒಂದು ಗಂಟೆ ಇಡಿ ಅಂತಾರೆ. ಅದಕ್ಕಿಂತ ಬಿಸಿ ಜಾಸ್ತಿ ಆದ್ರೆ ಲೋಳೆ ಮತ್ತೆ ಪಾಚಿ ವಾಸನೆ ಬಿಡತ್ತೆ. ಆಮೇಲೆ ಕೊಂಬು ತೆಗೆದು ಉರಿ ಏರಿಸಿ ಹೆರೆದ ಮೀನು ಹಾಕಿ, ಕೂಡ್ಲೇ ಸೋಸೋದು. ಹಿಂಡೋ ಹಾಗಿಲ್ಲ. ಕ್ಯೋಟೋದ ನೀರು ಮೃದು, ಅದಕ್ಕೆ ಕೊಂಬು ರುಚಿ ಚೆನ್ನಾಗಿ ಬಿಟ್ಕೊಳತ್ತೆ.

ಈ ರುಚಿ ಏನು ಅಂತ ತೋಕ್ಯೋ ಇಂಪೀರಿಯಲ್ ಯೂನಿವರ್ಸಿಟಿಯ ಇಕೆದಾ ಕಿಕುನಾಯೆ 1908ರಲ್ಲಿ ಕೊಂಬು ಇಂದಾನೇ ಬೇರೆ ಮಾಡಿ ತೋರಿಸಿದ್ದು, ಗ್ಲುಟಮೇಟ್. 1913ರಲ್ಲಿ ಅವರ ಶಿಷ್ಯ ಕೊದಾಮಾ ಶಿಂತಾರೋ ಒಣ ಬೊನಿಟೊದಲ್ಲಿ ಇನೋಸಿನೇಟ್ ಹುಡುಕಿದ್ರು. ಇವೆರಡೂ ಸೇರಿದ್ರೆ ರುಚಿ ಬರೀ ಕೂಡಲ್ಲ, ಎಷ್ಟೋ ಪಟ್ಟು ಏರತ್ತೆ. ಹಾಗಾಗಿ ಖಾರ, ಹುಳಿ, ಎಣ್ಣೆ ಯಾವ್ದೂ ಇಲ್ದೆ ನಿಲ್ಲೋ ಸಾರು ಅದು. ಖಾರ ತಿಂದ ಬಾಯಿಗೆ ಮೊದಲು ಗೊತ್ತಾಗಲ್ಲ, ಸ್ವಲ್ಪ ಕಾಯ್ಬೇಕು.

ಇನ್ನೊಂದು ಸರ್, ಬಣ್ಣ ನೋಡಿ ಉಪ್ಪು ಕಮ್ಮಿ ಅನ್ಕೋಬೇಡಿ. ಈ ಕಡೆಯವರು ಬಳಸೋ ಉಸುಕುಚಿ ಅನ್ನೋ ತೆಳು ಬಣ್ಣದ ಸೋಯಾ ಸಾಸ್‌ನಲ್ಲಿ ಕಪ್ಪು ಸೋಯಾ ಸಾಸ್‌ಗಿಂತ ಉಪ್ಪು ಜಾಸ್ತಿನೇ. ತರಕಾರಿ ಬಣ್ಣ ಕೆಡಬಾರ್ದು ಅಂತ ಅದನ್ನ ಹಾಕ್ತಾರೆ.

ಹುಬ್ಬಳ್ಳಿಮಂದಿ
ಥ್ಯಾಂಕ್ಸ್ ರೀ ಅಕ್ಕಾರ. ಹಿಂಗ ಯಾರೂ ಹೇಳಿರಲಿಲ್ಲ ನಂಗ. ಮುಂದಿನ ಸಲ ಹೋದ್ರ ಆ ದಿನ ಮುಂಜಾನಿಂದ ಖಾರ ಬಿಟ್ಟು ಹೋಗಿ ಕುಡೀತೀನಿ. ಆದ್ರೂ ಒಂದ್ ಮಾತು, ರೊಕ್ಕ ಕೊಟ್ಟು ಕಾಯೂದು ಎಲ್ಲಾರಿಗೂ ಆಗೂದಿಲ್ಲ, ಸಪ್ಪಗ ಅನ್ನಾವ್ರನ್ನ ಯಾರೂ ಸಣ್ಣ ಮಾಡಬ್ಯಾಡ್ರಿ.

ತುಂಗಾತೀರ
ಖಂಡಿತ ಇಲ್ಲ ಸರ್, ಹಿಡಿಸ್ಲಿಲ್ಲ ಅಂದ್ರೆ ಹಿಡಿಸ್ಲಿಲ್ಲ, ಅದೂ ಇಲ್ಲಿ ಬರ್ಲೇಬೇಕು. ಜಪಾನಿನ ಒಳಗೇ ತೋಕ್ಯೋ ಕಡೆಯವರಿಗೆ ಕ್ಯೋಟೋ ರುಚಿ ತೆಳು ಅನ್ಸತ್ತಂತೆ.

ಪಡುಕಡಲು
ಹಮೊ ವಿಷಯ ಓದಿ ಖುಷಿ ಆಯ್ತು ಮಾರಾಯ್ರೆ. ಅದರ ಜಾತಿಯ ಮೀನು ನಮ್ಮ ಅರಬ್ಬೀ ಸಮುದ್ರದಲ್ಲೂ ಉಂಟು, ಬಲೆಗೆ ಬೀಳ್ತದೆ, ಆದ್ರೆ ಮುಳ್ಳು ಅಂತ ನಮ್ಮಲ್ಲಿ ಅದಕ್ಕೆ ದೊಡ್ಡ ಮರ್ಯಾದೆ ಇಲ್ಲ. ಕ್ಯೋಟೋದವರು ಅದನ್ನ ಹಬ್ಬದ ಮೀನು ಮಾಡಿದ್ದಕ್ಕೆ ಕಾರಣ ಉಂಟಲ್ಲ? ಆ ಊರಿಗೆ ಸಮುದ್ರ ಇಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ ಬೇಸಗೆಯ ಸೆಖೆಯಲ್ಲಿ ಜೀವಂತ ಊರು ಮುಟ್ಟುವ ಗಟ್ಟಿ ಮೀನು ಅದೊಂದೇ ಅನ್ನುವ ಹಾಗೆ ಇತ್ತು, ಗಿಯೋನ್ ಹಬ್ಬಕ್ಕೆ ಹಮೊ ಹಬ್ಬ ಅಂತಲೇ ಹೆಸರು. ಬಂಗುಡೆ ಜಾತಿಯ ಸಬಾ ಮೀನು ಬರ್ತಾ ಇದ್ದದ್ದು ವಾಕಾಸಾ ಕರಾವಳಿಯಿಂದ, ಉಪ್ಪು ಹಾಕಿ ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಿ, ಆ ದಾರಿಗೆ ಈಗಲೂ ಸಬಾ ದಾರಿ ಅಂತ ಹೇಳ್ತಾರೆ. ಊರು ಮುಟ್ಟುವಾಗ ಉಪ್ಪು ಹದ ಹಿಡಿದಿರ್ತಿತ್ತು. ನೀವು ತಿಂದ ಒಣ ಹೆರಿಂಗ್ ಮತ್ತು ಆ ಕೊಂಬು ಎರಡೂ ಹೊಕ್ಕಾಯಿದೋದಿಂದ ಕಿತಾಮಾಏಬುನೆ ಅನ್ನುವ ವ್ಯಾಪಾರದ ಹಡಗಿನಲ್ಲಿ ಬರ್ತಿದ್ದದ್ದು. ಮೀನು ಸಿಗದ ಊರೇ ಮೀನಿಗೆ ಇಷ್ಟು ಕೈಚಳಕ ಬೆಳೆಸಿದ್ದು ನೋಡಿ, ನನಗೆ ಅದು ದೊಡ್ಡ ಸಂಗತಿ.

ಕತ್ಸುಓಬುಶಿ ನಮಗೆ ಪೂರ್ತಿ ಹೊಸತೂ ಅಲ್ಲ. ಲಕ್ಷದ್ವೀಪದಲ್ಲಿ ಅದೇ ಮೀನನ್ನು ಬೇಯಿಸಿ ಹೊಗೆ ಹಾಕಿ ಬಿಸಿಲಿಗೆ ಒಣಗಿಸಿ ಮಾಸ್ ಮಾಡ್ತಾರೆ. ಬೂಷ್ಟು ಕಟ್ಟಿಸುವ ಕ್ರಮ ಮಾತ್ರ ಅಲ್ಲಿ ಇಲ್ಲ. ಮತ್ತೆ ಅಯು ಮೀನಿಗೋ ಬದನೆಗೋ ಸಾನ್ಶೋ ಹಾಕಿದ್ರಾ? ನಾಲಿಗೆ ಜುಮ್ಮೆನ್ನಿಸುವ ಹಸಿರು ಕಾಳು? ಅದು ನಮ್ಮ ಜುಮ್ಮನಕಾಯಿಯ ವಂಶದ್ದೇ, ಕೊಂಕಣಿಯವರ ತೆಪ್ಪಳ. ಬಂಗುಡೆ ಹುಳಿಗೆ ಹಾಕುವುದು ಅದೇ ಅಲ್ವಾ.

ತುಂಗಾತೀರ
ಹಾಕಿದ್ರು, ಬದನೆ ಮೇಲೆ ಸಾನ್ಶೋ ಎಲೆ ಇತ್ತು! ನನ್ನ ಹೆಂಡ್ತಿ ಕುಮಟಾದವಳು, ಬಾಯಿಗಿಟ್ಟ ಕೂಡ್ಲೇ ತೆಪ್ಪಳ ಅಂದ್ಳು.

ರಥಬೀದಿ
ನಮಸ್ಕಾರ. ನಾವು ಶುದ್ಧ ಸಸ್ಯಾಹಾರಿಗಳು, ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ. ಮಗ ಕೋಬೆಯಲ್ಲಿದ್ದಾನೆ, ಬರುವ ವರ್ಷ ನಮ್ಮನ್ನು ಕರೆಸ್ಕೊಳ್ತಾನೆ. ಇದನ್ನೆಲ್ಲ ಓದ್ತಾ ಇದ್ರೆ ಆಸೆ ಆಗ್ತದೆ, ಆದರೆ ಸಾರಿಗೇ ಮೀನು ಅಂದ ಮೇಲೆ ನಮಗೆ ದಾರಿ ಇಲ್ಲ ಅಂತ ತೋರ್ತದೆ. ಮೀನು ತುಂಡು ಬೇಡ, ತರಕಾರಿ ಮಾತ್ರ ಕೊಡಿ ಅಂತ ಹೇಳಿದರೆ ನಡೀತದಾ?

ಒಸಾಕಾಕನ್ನಡತಿ
ಆಂಟಿ, ಹಾಗೆ ಹೇಳಿದ್ರೆ ಅವ್ರು ಮೀನು ತುಂಡು ತೆಗೀತಾರೆ, ಆದ್ರೆ ಕುಂಬಳಕಾಯಿ ಬೇಯಿಸಿದ ನೀರಲ್ಲೂ, ಸೊಪ್ಪು ನೆನೆಸಿದ ರಸದಲ್ಲೂ, ಮಿಸೋ ಸಾರಲ್ಲೂ ಬೊನಿಟೊ ಇರತ್ತೆ. ಮೋಸ ಅಲ್ಲ ಅದು, ಅವರ ಪ್ರಕಾರ ಅದು ನೀರು ಇದ್ದ ಹಾಗೆ. ಕೆಲವು ದೊಡ್ಡ ಮನೆಗಳು ಮೊದ್ಲೇ ತಿಳಿಸಿದ್ರೆ ಬೇರೇನೇ ಸಾರು ತೆಗೆದು ಮಾಡ್ಕೊಡ್ತಾರೆ, ಸುಮಾರು ಮನೆಗಳು ಆಗಲ್ಲ ಅಂತ ನೇರವಾಗಿ ಹೇಳ್ತಾರೆ. ಆಗಲ್ಲ ಅಂದವರನ್ನ ಒತ್ತಾಯ ಮಾಡ್ಬೇಡಿ.

ಆದ್ರೆ ನಿಮಗೆ ದಾರಿ ಇದೆ, ಅದೂ ಒಳ್ಳೇ ದಾರಿ. ಶೋಜಿನ್ ರ್ಯೋರಿ, ಬೌದ್ಧ ಮಠದ ಅಡುಗೆ. ಮಾಂಸ ಮೀನು ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಜಾತಿಯ ಘಾಟು ಪದಾರ್ಥ ಯಾವ್ದೂ ಇಲ್ಲ. ಜೆನ್ ಗುರು ದೋಗೆನ್ 1237ರಲ್ಲಿ ಮಠದ ಅಡುಗೆ ಸನ್ಯಾಸಿ ಹೇಗಿರ್ಬೇಕು ಅಂತಲೇ ಒಂದು ಗ್ರಂಥ ಬರೆದಿದ್ದಾರೆ, ಅಕ್ಕಿ ತೊಳೆಯೋದರಿಂದ ಹಿಡಿದು. ಕ್ಯೋಟೋದ ಅರಾಶಿಯಾಮಾದಲ್ಲಿ ತೆನ್ರ್ಯೂಜಿ ದೇವಸ್ಥಾನ ಇದೆ, 1339ರದ್ದು, ಅದರ ಆವರಣದೊಳಗೇ ಶಿಗೆತ್ಸು ಅಂತ ಊಟದ ಮನೆ, ಮಧ್ಯಾಹ್ನ ಮಾತ್ರ. ಕೆಂಪು ಅರಗಿನ ಬಟ್ಟಲುಗಳಲ್ಲಿ ಬರತ್ತೆ, ಕೆಳಗೆ ಕೂತು ಊಟ. ತೋಟದ ಟಿಕೆಟ್ ಬೇರೆ ತಗೋಬೇಕಾಗತ್ತೆ. ಕೋಯಾಸಾನ್ ಬೆಟ್ಟಕ್ಕೆ ಹೋದ್ರೆ ದೇವಸ್ಥಾನಗಳಲ್ಲೇ ಉಳ್ಕೊಂಡು ರಾತ್ರಿ ಬೆಳಗ್ಗೆ ಎರಡೂ ಊಟ ಸಿಗತ್ತೆ.

ರುಚಿ ಕಮ್ಮಿ ಇರತ್ತೆ ಅನ್ಕೋಬೇಡಿ. ಅಲ್ಲಿ ಸಾರು ಕೊಂಬು ಮತ್ತೆ ಒಣ ಶಿಟಾಕೆ ಅಣಬೆದು. ಅಣಬೆಯಲ್ಲಿ ಗ್ವಾನಿಲೇಟ್ ಇದೆ, ಅದು ಕೊಂಬುವಿನ ಗ್ಲುಟಮೇಟ್ ಜೊತೆ ಸೇರಿದ್ರೆ ಮೀನಿನ ಹಾಗೇ ರುಚಿ ಏರತ್ತೆ. ಯುಬಾ ಅಂತ ಸೋಯಾ ಹಾಲಿನ ಕೆನೆ, ಗೋಧಿಯ ನಾಮಾಫು, ನಮ್ಮ ತುಂಗಾತೀರ ಅವರು ತಿಂದ ಗೋಮಾ ತೋಫು, ಇವೆಲ್ಲ ಮಠದಿಂದಾನೇ ಕೈಸೆಕಿಗೆ ಬಂದಿದ್ದು. ಅಣಬೆ ನಿಮಗೆ ನಡೆಯಲ್ಲ ಅಂದ್ರೆ ಅದನ್ನೂ ಮೊದ್ಲೇ ತಿಳಿಸ್ಬೇಕು ಆಂಟಿ, ಅವಾಗ ಬರೀ ಕೊಂಬು ಸಾರು ಮಾಡ್ತಾರಾ ಅಂತ ಕೇಳ್ಬೇಕು.

ರಥಬೀದಿ
ಅಣಬೆ ನಮ್ಮವರು ತಿನ್ನುವುದಿಲ್ಲ, ನಾನು ತಿಂತೇನೆ. ತುಂಬ ಉಪಕಾರ ಆಯ್ತು ಮಗಾ.

ಆವೆಮಣ್ಣು
ನಾನು ಸೆರಾಮಿಕ್ ಕೆಲಸ ಮಾಡೋಳು, ಇಷ್ಟು ಹೊತ್ತು ಪಾತ್ರೆ ಬಗ್ಗೆ ಯಾರೂ ಮಾತಾಡ್ಲಿಲ್ಲ. ಕೈಸೆಕಿಯಲ್ಲಿ ಒಂದು ಪಾತ್ರೆ ಇನ್ನೊಂದಕ್ಕೆ ಮ್ಯಾಚ್ ಆಗಲ್ಲ, ಬೇಕಂತಲೇ. ಜುಲೈನಲ್ಲಿ ಗಾಜು, ನೀಲಿ ಬಿಳಿ ಪಿಂಗಾಣಿ, ಚಳಿಗಾಲಕ್ಕೆ ಕೈಗೆ ಬಿಸಿ ಹಿಡಿಯೋ ದಪ್ಪ ಮಣ್ಣು. ನೂರು ವರ್ಷ ಹಳೇ ತಟ್ಟೆನೂ ಗ್ಲಾಸ್ ಬೀರುವಿನಲ್ಲಿಡದೆ ಊಟಕ್ಕೇ ಬಳಸ್ತಾರೆ. ಕಿತಾಓಜಿ ರೋಸಾಂಜಿನ್ (1883-1959) ಅಂತ ಒಬ್ರಿದ್ರು, 1925ರಲ್ಲಿ ತೋಕ್ಯೋದಲ್ಲಿ ಹೋಶಿಗಾಓಕಾ ಅಂತ ಊಟದ ಮನೆ ಶುರು ಮಾಡಿದ್ರು. ತಮ್ಮ ಅಡುಗೆಗೆ ತಕ್ಕ ಪಾತ್ರೆ ಬೇಕು ಅಂತ ಕಾಮಾಕುರಾ ಹತ್ರ ತಾವೇ ಆವೆ ಕಟ್ಟಿ ಪಾತ್ರೆ ಸುಡೋಕೆ ನಿಂತ್ರು. ಇವತ್ತು ಅವರ ತಟ್ಟೆಗಳು ಮ್ಯೂಸಿಯಮ್‌ನಲ್ಲಿವೆ, ಕೆಲವು ರಿಯೋತೇಗಳಲ್ಲಿ ಈಗಲೂ ಊಟಕ್ಕೆ ಬರ್ತವೆ.

ಆ ಕಪ್ಪು ಅರಗಿನ ಬಟ್ಟಲು ಎಲ್ಲಿಯದ್ದು ಅಂತ ಕೇಳಿದ್ರಾ? ಒಳ್ಳೇ ಅರಗಿನ ಕೆಲಸಕ್ಕೆ ವಾಜಿಮಾ ಊರು ಹೆಸರುವಾಸಿ. 2024ರ ಜನವರಿ 1ರ ನೋತೋ ಭೂಕಂಪದಲ್ಲಿ ಆ ಊರು ತುಂಬ ಹಾಳಾಯ್ತು, ಬೆಳಗಿನ ಸಂತೆ ನಡೆಯೋ ಬೀದಿನೇ ಸುಟ್ಟುಹೋಯ್ತು, ಎಷ್ಟೋ ಕುಶಲಕರ್ಮಿಗಳ ಕೆಲಸದ ಮನೆ ಹೋಯ್ತು. ಜಪಾನಿಗೆ ಹೋಗೋರು ಮ್ಯಾಗ್ನೆಟ್ ತರೋ ಬದ್ಲು ದುಡ್ಡು ಕೂಡಿಸಿ ಒಂದು ವಾಜಿಮಾ ಬಟ್ಟಲು ತಗೊಂಡ್ರೆ ಅವರಿಗೆ ಕೆಲಸ ಉಳಿಯತ್ತೆ.

ತುಂಗಾತೀರ
ಕೇಳಿದ್ವಿ ಮೇಡಮ್, ವಾಜಿಮಾನೇ ಅಂದ್ರು. ಎತ್ತಿದ್ರೆ ಬಟ್ಟಲಿಗೆ ತೂಕನೇ ಇಲ್ಲ, ಒಳಗಡೆ ಅಷ್ಟು ಬಿಸಿ ಇದ್ರೂ ಕೈ ಸುಡಲ್ಲ.

ಗಾಂಧಿಬಜಾರ್
ನಂಗೆ ಈಗ ಹೋಗ್ಲೇಬೇಕು ಅನ್ಸ್ತಿದೆ. ಅಲ್ಲಿ ಕೂತಾಗ ಏನ್ ಮಾಡ್ಬಾರ್ದು ಹೇಳ್ರಪ್ಪ.

ಒಸಾಕಾಕನ್ನಡತಿ
ಸೆಂಟ್ ಹಾಕ್ಕೊಂಡು ಹೋಗ್ಬೇಡಿ, ಇದೊಂದು ಎಲ್ಲಕ್ಕಿಂತ ಮುಖ್ಯ, ಯುಜು ಘಮ ಸತ್ತುಹೋಗತ್ತೆ, ಪಕ್ಕದವರದ್ದೂ. ಉಂಗುರ, ಕಡಗ ತೆಗೆದಿಟ್ರೆ ಒಳ್ಳೇದು, ಅರಗಿನ ಪಾತ್ರೆಗೆ ಗೀರು ಬೀಳತ್ತೆ. ಸಾರಿನ ಮುಚ್ಚಳ ಅಂಟ್ಕೊಂಡಿದ್ರೆ ಬಟ್ಟಲಿನ ಅಂಚನ್ನ ಎರಡೂ ಕಡೆಯಿಂದ ಮೆತ್ತಗೆ ಅಮುಕಿ, ಬಿಟ್ಕೊಳತ್ತೆ. ಸಣ್ಣ ಬಟ್ಟಲು ಕೈಗೆತ್ತಿ ಬಾಯಿ ಹತ್ರ ತರೋದೇ ಸರಿ, ತಟ್ಟೆಗೆ ಬಗ್ಗೋದು ಅಲ್ಲ. ಚಾಪ್‌ಸ್ಟಿಕ್ ಅನ್ನದಲ್ಲಿ ನೆಟ್ಟಗೆ ಚುಚ್ಚಿಡ್ಬಾರ್ದು, ಒಬ್ರ ಚಾಪ್‌ಸ್ಟಿಕ್ಕಿಂದ ಇನ್ನೊಬ್ರ ಚಾಪ್‌ಸ್ಟಿಕ್ಕಿಗೆ ದಾಟಿಸ್ಬಾರ್ದು, ಎರಡೂ ಸಾವಿನ ಮನೆ ಪದ್ಧತಿ. ಮಂಡಿ ನೋವಿದ್ರೆ ಬುಕ್ ಮಾಡುವಾಗ್ಲೇ ಕುರ್ಚಿ ಕೇಳಿ, ಸುಮಾರು ಕಡೆ ಇರತ್ತೆ. ಮತ್ತೆ ಬಿಸಿ ಬಂದಿದ್ದನ್ನ ಬಿಸಿಯಾಗೇ ತಿನ್ನಿ. ಫೋಟೋ ಒಂದು ಸಾಕು.

ಪಡುಕಡಲು
ಯಾವ ತಿಂಗಳು ಹೋದ್ರೆ ಒಳ್ಳೇದು?

ತುಂಗಾತೀರ
ಕೆಟ್ಟ ತಿಂಗಳು ಅಂತಿಲ್ಲ ಸರ್, ಬೇರೆ ಬೇರೆ ಊಟ ಅಷ್ಟೇ. ಏಪ್ರಿಲ್‌ನಲ್ಲಿ ಕ್ಯೋಟೋ ಪಶ್ಚಿಮದ ಬೆಟ್ಟಗಳ ಕಳಲೆ ಬರತ್ತೆ, ಅಕ್ಕಿ ತೌಡು ಹಾಕಿ ಬೇಯಿಸಿ ಕಹಿ ತೆಗೀತಾರೆ, ಮಲೆನಾಡಲ್ಲಿ ನಾವು ಮೂರು ದಿನ ನೀರು ಬದಲಾಯಿಸಿ ತೆಗೆಯೋ ಕೆಲಸ. ಅಕ್ಟೋಬರ್ ಆದ್ರೆ ಮತ್ಸುತಾಕೆ ಅಣಬೆ, ಅದನ್ನ ಸಣ್ಣ ಟೀ ಕುಡಿಕೇಲಿ ಸಾರಿನ ಜೊತೆ ಹಬೆ ಕಾಯಿಸ್ತಾರೆ. ಚಳಿಗಾಲದಲ್ಲಿ ಏಡಿ, ಶೋಗೋಇನ್ ಅನ್ನೋ ಚೆಂಡಿನ ಆಕಾರದ ಮೂಲಂಗಿ. ಒಂದೇ ಪದಾರ್ಥಕ್ಕೂ ಮೂರು ಹೊತ್ತು ಲೆಕ್ಕ ಹಾಕ್ತಾರೆ, ಮೊದಲ ಬೆಳೆ ಹಶಿರಿ, ತುಂಬಿದ ಕಾಲ ಶುನ್, ಮುಗಿಯೋ ಹೊತ್ತಿನದ್ದು ನಾಗೋರಿ.

ಪೂರ್ತಿ ಕೈಸೆಕಿಗೆ ಬಜೆಟ್ ಆಗ್ದಿದ್ರೆ ನಾನ್ಜೆನ್ಜಿ ದೇವಸ್ಥಾನದ ಹತ್ರ ಹ್ಯೋತೇ ಅಂತ ಸುಮಾರು 400 ವರ್ಷದ ಮನೆ ಇದೆ, ಬೇಸಿಗೇಲಿ ಅಲ್ಲಿ ಬೆಳಗಿನ ಅಕ್ಕಿ ಗಂಜಿ ಕೊಡ್ತಾರೆ, ಜೊತೆಗೆ ಅವರ ಹೆಸರಾಂತ ಅರೆಬೆಂದ ಮೊಟ್ಟೆ. ಅದಕ್ಕೂ ಮೊದ್ಲೇ ಬುಕ್ ಮಾಡ್ಬೇಕು.

ಪಡುಕಡಲು
ಹಾಗಾದ್ರೆ ನಮಗೆ ಜುಲೈಯೇ. ಟ್ರಾಲರ್ ದೋಣಿ ಕಡಲಿಗೆ ಇಳಿಯದ ಸಮಯ, ಊರಲ್ಲಿ ಕೆಲಸ ಕಮ್ಮಿ. ಆ ಹಮೊ ತಿನ್ನಲೇಬೇಕು.

ಒಸಾಕಾಕನ್ನಡತಿ
17ಕ್ಕೂ 24ಕ್ಕೂ ರಥಗಳ ಮೆರವಣಿಗೆ ಇರತ್ತೆ ಅಣ್ಣ, ಆ ವಾರಗಳಲ್ಲಿ ಟೇಬಲ್ ಸಿಗೋದು ಕಷ್ಟ. ಹಮೊ ಜುಲೈ ಪೂರ್ತಿ ಇರತ್ತೆ, ತಿಂಗಳ ಕೊನೆಗೆ ನೋಡಿ. ಹೋಟೆಲ್ ಬುಕ್ ಆದ್ಮೇಲೆ ಅವರ ರಿಸೆಪ್ಶನ್‌ಗೆ ಮೇಲ್ ಹಾಕಿದ್ರೆ ರಿಯೋತೇಗೆ ಅವ್ರೇ ಫೋನ್ ಮಾಡಿ ಕೊಡ್ತಾರೆ.